ಬೀಗ ಭದ್ರ, ಕೀಲು ಸಡಿಲ

(ಸ್ವಸಹಾಯ ಸಂಘಗಳ ಒಕ್ಕೂಟದ ಮಾಸಿಕ ಸಭೆಯಲ್ಲಿ ಮನೆಯ ವೈಫೈ ಸುರಕ್ಷತೆಯ ಕುರಿತು ನೀಡಿದ ಮಾಹಿತಿ ಭಾಷಣದ ಬರಹರೂಪ)



ಹೋದ ತಿಂಗಳ ಸಭೆಯಲ್ಲಿ ನಾವು ಮೋಸದ ಫೋನ್ ಕರೆಗಳ ಬಗ್ಗೆ ಮಾತಾಡಿದ್ದೆವು. ಓಟಿಪಿ ಯಾರಿಗೂ ಹೇಳಬಾರದು, ಹಣ ಪಡೆಯುವುದಕ್ಕೆ ಪಿನ್ ಹಾಕಬೇಕಾಗಿಲ್ಲ ಎಂಬುದನ್ನೆಲ್ಲ ಹೇಳಿದ್ದೆ. ಸಭೆ ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಎದ್ದು ನಿಂತು ಕೇಳಿದರು: "ಮೇಡಂ, ನಮ್ಮ ಮನೇಲಿ ವೈಫೈ ಹಾಕ್ಸಿದ್ದೀವಿ. ಮಗ ಅದಕ್ಕೆ ಪಾಸ್‌ವರ್ಡ್ ಇಟ್ಟಿದ್ದಾನೆ. ಪಾಸ್‌ವರ್ಡ್ ಇದ್ದಮೇಲೆ ಭಯ ಇಲ್ಲ ಅಲ್ವಾ?"

ಅವತ್ತು ಸಮಯ ಆಗಿತ್ತು, ಉತ್ತರ ಕೊಡಲಿಲ್ಲ. ಇವತ್ತಿನ ನನ್ನ ಮಾತೆಲ್ಲ ಆ ಅಕ್ಕನ ಪ್ರಶ್ನೆಗೆ ಉತ್ತರ. ಚಿಕ್ಕದಾಗಿ ಹೇಳಬೇಕೆಂದರೆ, ಪಾಸ್‌ವರ್ಡ್ ಬೇಕೇ ಬೇಕು, ಆದರೆ ಅದೊಂದೇ ಸಾಲದು. ಪಾಸ್‌ವರ್ಡ್ ಕೇಳದೆಯೇ ಕಳ್ಳನನ್ನು ಒಳಗೆ ಬಿಡುವ ದೋಷ ಆ ಪೆಟ್ಟಿಗೆಯಲ್ಲೇ ಇರಬಹುದು. ಅದು ನಿಮ್ಮ ತಪ್ಪಲ್ಲ. ಆದರೂ ಅದಕ್ಕೆ ನಾವು ಮಾಡಬಹುದಾದ ಕೆಲಸ ಇದೆ.

ಹಳೆಯ ತಗಡಿನ ಪೆಟ್ಟಿಗೆ

ನಮ್ಮಲ್ಲಿ ಹಿರಿಯರಾದವರಿಗೆ ನೆನಪಿರಬಹುದು. ಸಂಘಗಳು ಶುರುವಾದ ಹೊಸದರಲ್ಲಿ ವಾರದ ಉಳಿತಾಯ ಇಡುವುದಕ್ಕೆ ತಗಡಿನ ಪೆಟ್ಟಿಗೆ ಇರುತ್ತಿತ್ತು. ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಬೀಗದ ಕೈ ಇನ್ನೊಬ್ಬರ ಹತ್ತಿರ, ಲೆಕ್ಕದ ಪುಸ್ತಕ ಮತ್ತೊಬ್ಬರ ಹತ್ತಿರ. ಯಾರ ಮೇಲೂ ಅಪನಂಬಿಕೆ ಬರಬಾರದು ಅಂತ ಆ ವ್ಯವಸ್ಥೆ.

ಈಗ ಯೋಚನೆ ಮಾಡಿ. ಬೀಗ ಒಳ್ಳೆಯದು, ಬೀಗದ ಕೈ ಭದ್ರವಾಗಿದೆ. ಆದರೆ ಪೆಟ್ಟಿಗೆಯ ಹಿಂದುಗಡೆ ಮುಚ್ಚಳ ಕೂರಿಸಿದ ಕೀಲಿನ ಸ್ಕ್ರೂ ಸಡಿಲ ಇದೆ. ಕಳ್ಳ ಬೀಗ ಮುಟ್ಟುವುದೇ ಇಲ್ಲ. ಹಿಂದಿನಿಂದ ಎರಡು ಸ್ಕ್ರೂ ತಿರುಗಿಸಿ ಮುಚ್ಚಳ ಎತ್ತುತ್ತಾನೆ, ಮತ್ತೆ ಹಾಗೇ ಕೂರಿಸಿ ಹೋಗುತ್ತಾನೆ. ಮುಂದಿನ ವಾರ ಪೆಟ್ಟಿಗೆ ತೆಗೆದಾಗ ಬೀಗ ಹಾಗೇ ಇದೆ, ಹಣ ಇಲ್ಲ. ಆಗ ಎಲ್ಲರೂ ನೋಡುವುದು ಯಾರ ಮುಖವನ್ನು? ಬೀಗದ ಕೈ ಇಟ್ಟುಕೊಂಡಿದ್ದ ಸಹೋದರಿಯ ಮುಖವನ್ನು!

ಮನೆಯ ವೈಫೈ ಪೆಟ್ಟಿಗೆಯಲ್ಲೂ ಇಂಥದ್ದೇ ಆಗುತ್ತದೆ.

ರೂಟರಿಗೆ ಎರಡು ಪಾಸ್‌ವರ್ಡ್

ಗೋಡೆಯ ಮೇಲೆ ಎರಡು ಮೂರು ಕೊಂಬು ಚಾಚಿಕೊಂಡು, ಹಸಿರು ದೀಪ ಮಿಣುಕಿಸುತ್ತಾ ಕೂತಿರುತ್ತದಲ್ಲ, ಅದರ ಹೆಸರು ರೂಟರ್. ಹೊರಗಿನಿಂದ ಬರುವ ಇಂಟರ್ನೆಟ್ಟನ್ನು ಮನೆಯ ಫೋನು, ಟಿವಿ, ಮಕ್ಕಳ ಲ್ಯಾಪ್‌ಟಾಪ್‌ಗಳಿಗೆ ಹಂಚುವ ಕೆಲಸ ಅದರದ್ದು. ಯಾವ ಮಾತು ಹೊರಗೆ ಹೋಗಬೇಕು, ಯಾವುದು ಒಳಗೆ ಬರಬೇಕು ಎಲ್ಲವೂ ಅದರ ಮೂಲಕವೇ. ನೋಡಲು ಪುಟ್ಟದಾದರೂ ಅದೂ ಒಂದು ಕಂಪ್ಯೂಟರೇ.

ಇದಕ್ಕೆ ಎರಡು ಪಾಸ್‌ವರ್ಡ್ ಇರುತ್ತದೆ. ಒಂದು ವೈಫೈ ಪಾಸ್‌ವರ್ಡ್. ನೆಂಟರು ಬಂದಾಗ "ಆಂಟಿ, ಪಾಸ್‌ವರ್ಡ್ ಏನು?" ಅಂತ ಮಕ್ಕಳು ಕೇಳುವುದು ಇದನ್ನೇ. ಇನ್ನೊಂದು ರೂಟರಿನ ಆಡಳಿತದ ಪಾಸ್‌ವರ್ಡ್. ಫೋನಿನ ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಎಂದು ಬರೆದರೆ ಸಾಮಾನ್ಯವಾಗಿ ಒಂದು ಪುಟ ತೆರೆದುಕೊಂಡು ಈ ಎರಡನೆಯ ಪಾಸ್‌ವರ್ಡ್ ಕೇಳುತ್ತದೆ. ಒಳಗೆ ಹೋದವರು ರೂಟರಿನ ಯಜಮಾನರು. ಏನನ್ನು ಬೇಕಾದರೂ ಬದಲಾಯಿಸಬಹುದು.

ನಮ್ಮಲ್ಲಿ ಹೆಚ್ಚಿನವರಿಗೆ ಮೊದಲನೆಯದು ಗೊತ್ತು, ಎರಡನೆಯದು ಗೊತ್ತೇ ಇಲ್ಲ. ನನಗೂ ಗೊತ್ತಿರಲಿಲ್ಲ. ನಮ್ಮ ತರಬೇತಿ ಕೇಂದ್ರಕ್ಕೆ ರೂಟರ್ ಕೂರಿಸಿ ಹೋದ ಹುಡುಗ ಆಡಳಿತದ ಪಾಸ್‌ವರ್ಡನ್ನು 'ಅಡ್ಮಿನ್' ಎಂದೇ ಬಿಟ್ಟು ಹೋಗಿದ್ದ. ನಾಲ್ಕು ವರ್ಷ ನಾವು ಯಾರೂ ಅದನ್ನು ನೋಡಲೇ ಇಲ್ಲ. ಇನ್ನೊಬ್ಬರಿಗೆ ಬುದ್ಧಿ ಹೇಳುವವರ ಮನೆಯಲ್ಲೇ ಹೀಗೆ!

2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್ ಗ್ರಾಹಕರ ಸಾವಿರಾರು ಮೋಡೆಮ್‌ಗಳ ಮೇಲೆ ಇಂಥ ದಾಳಿ ನಡೆಯಿತು. ಮೊದಲಿನಿಂದ ಇದ್ದ ಪಾಸ್‌ವರ್ಡನ್ನು ಕೂಡಲೇ ಬದಲಾಯಿಸಿ ಎಂದು ಆ ಸಂಸ್ಥೆ ಗ್ರಾಹಕರಿಗೆ ಸೂಚನೆ ನೀಡಿತು. ಬೀಗವನ್ನೇ ಹಾಕದ ಮನೆಯ ಕಥೆ ಇದು. ಆದರೆ ನಾನು ಮುಖ್ಯವಾಗಿ ಹೇಳಬೇಕಾಗಿರುವುದು ಬೀಗ ಹಾಕಿದ ಮನೆಯ ಕಥೆ.

ಪಾಸ್‌ವರ್ಡ್ ಕೇಳದೆ ಒಳಗೆ ಬಿಡುವ ದೋಷ

ನಿಜವಾಗಿ ನಡೆದ ಮೂರು ಪ್ರಸಂಗ ಹೇಳುತ್ತೇನೆ.

ಮೊದಲನೆಯದು 2013ರ ಅಕ್ಟೋಬರಿನದು. ಕ್ರೇಗ್ ಹೆಫ್ನರ್ ಎಂಬ ತಜ್ಞರು ಡಿ-ಲಿಂಕ್ ಕಂಪನಿಯ ಒಂದು ಹಳೆಯ ರೂಟರಿನ ಒಳಗಿನ ತಂತ್ರಾಂಶವನ್ನು ಬಿಡಿಸಿ ಓದುತ್ತಿದ್ದರು. ಅಲ್ಲಿ ಅರ್ಥವಿಲ್ಲದಂತೆ ಕಾಣುವ ಉದ್ದನೆಯ ಪದವೊಂದು ಸಿಕ್ಕಿತು. ಬಂದ ಬ್ರೌಸರ್ ತನ್ನ ಹೆಸರಿನ ಜಾಗದಲ್ಲಿ ಆ ಪದ ಹೇಳಿದರೆ ಸಾಕು, ರೂಟರ್ ಪಾಸ್‌ವರ್ಡ್ ಕೇಳದೆ ಒಳಗೆ ಬಿಡುತ್ತಿತ್ತು. ಆ ಪದವನ್ನು ತಿರುಗಿಸಿ ಹಿಂದಿನಿಂದ ಓದಿದರೆ ಅದರೊಳಗೆ ಜೋಯೆಲ್ ಎಂಬ ಹೆಸರೂ, ಹಿಂಬಾಗಿಲು ಎಂಬ ಅರ್ಥದ ಇಂಗ್ಲಿಷ್ ಪದವೂ ಇದ್ದವು. ಮನೆ ಕಟ್ಟಿದ ಮೇಸ್ತ್ರಿ ತನ್ನ ಅನುಕೂಲಕ್ಕೆ ಹಿಂದುಗಡೆ ಒಂದು ಗುಟ್ಟಿನ ಬಾಗಿಲು ಇಟ್ಟು, ಮನೆಯವರಿಗೆ ಹೇಳದೆ ಹೋದ ಹಾಗೆ. ಸುದ್ದಿ ಹೊರಬಂದ ಮೇಲೆ ಕಂಪನಿ ಅದನ್ನು ಸರಿಪಡಿಸಿತು.

ಎರಡನೆಯದು ಸೈಮನ್ ಕೆನಿನ್ ಎಂಬುವರದು. ಅವರು ಟ್ರಸ್ಟ್‌ವೇವ್ ಎಂಬ ಸುರಕ್ಷತಾ ಸಂಸ್ಥೆಯಲ್ಲಿ ಕೆಲಸಕ್ಕಿದ್ದರು. ಒಂದು ಚಳಿಗಾಲ, ಮಳೆ ಬೇರೆ. ಬೆಚ್ಚಗೆ ಹೊದ್ದು ಮಲಗಿದ್ದಾರೆ, ಇಂಟರ್ನೆಟ್ ನಿಂತುಹೋಯಿತು. ಕೆಳಗಿನ ಮಹಡಿಗೆ ಇಳಿದು ರೂಟರ್ ಆಫ್ ಮಾಡಿ ಆನ್ ಮಾಡಲು ಬೇಜಾರು. ಮಲಗಿದಲ್ಲಿಂದಲೇ ಸರಿ ಮಾಡೋಣವೆಂದರೆ ಆಡಳಿತದ ಪಾಸ್‌ವರ್ಡ್ ಮರೆತುಹೋಗಿದೆ. ಹೀಗೆ ಸ್ವಂತ ನೆಟ್‌ಗಿಯರ್ ರೂಟರಿನೊಳಗೆ ಹೋಗಲು ದಾರಿ ಹುಡುಕುತ್ತಾ ಹೋದರು. ಪಾಸ್‌ವರ್ಡ್ ತಪ್ಪಾದಾಗ ರೂಟರ್ ಒಂದು ಸಂಖ್ಯೆ ಕೊಡುತ್ತಿತ್ತು. ಆ ಸಂಖ್ಯೆಯನ್ನು ಇನ್ನೊಂದು ಪುಟಕ್ಕೆ ಕೊಟ್ಟರೆ ಆಡಳಿತದ ಪಾಸ್‌ವರ್ಡನ್ನೇ ಬರೆದು ತೋರಿಸುತ್ತಿತ್ತು! ಇನ್ನೂ ಪರೀಕ್ಷೆ ಮಾಡಿದಾಗ ಸರಿಯಾದ ಸಂಖ್ಯೆಯೂ ಬೇಡ, ಬಾಯಿಗೆ ಬಂದ ಸಂಖ್ಯೆ ಕೊಟ್ಟರೂ ಪಾಸ್‌ವರ್ಡ್ ಸಿಗುತ್ತದೆ ಎಂದು ಗೊತ್ತಾಯಿತು. ಸುಮಾರು ಮೂವತ್ತು ಮಾದರಿಗಳಲ್ಲಿ ಈ ದೋಷ ಇದೆ ಎಂದು 2017ರ ಜನವರಿಯಲ್ಲಿ ಅವರ ಸಂಸ್ಥೆ ಪ್ರಕಟಿಸಿತು. ಅಕ್ಕಂದಿರೇ, ಇಲ್ಲಿ ಪಾಸ್‌ವರ್ಡ್ ಎಷ್ಟು ಉದ್ದ ಇಟ್ಟಿದ್ದರೂ ಏನು ಪ್ರಯೋಜನ? ಕಾವಲಿಗೆ ನಿಂತವನೇ ಬೀಗದ ಕೈ ತೆಗೆದುಕೊಟ್ಟ ಹಾಗಾಯಿತು.

ಮೂರನೆಯದು 2021ರ ಆಗಸ್ಟ್ 3ರಂದು ಬಹಿರಂಗವಾದದ್ದು. ಟೆನೆಬಲ್ ಸಂಸ್ಥೆಯ ಇವಾನ್ ಗ್ರಾಂಟ್ ಇದನ್ನು ಕಂಡುಹಿಡಿದರು. ಸ್ವಲ್ಪ ನಿಧಾನವಾಗಿ ಕೇಳಿ. ರೂಟರಿನೊಳಗೆ ಕೆಲವು ಕೋಣೆಗಳಿಗೆ ಪಾಸ್‌ವರ್ಡ್ ಬೇಡ. ಪಾಸ್‌ವರ್ಡ್ ಕೇಳುವ ಪುಟದಲ್ಲಿಯೂ ಕಂಪನಿಯ ಚಿತ್ರ, ಬಣ್ಣ ಎಲ್ಲ ಕಾಣಬೇಕಲ್ಲ, ಹಾಗಾಗಿ ಚಿತ್ರಗಳ ಕೋಣೆ ಎಲ್ಲರಿಗೂ ತೆರೆದಿರುತ್ತದೆ. ಬಾಗಿಲಲ್ಲಿ ನಿಂತವನು "ಎಲ್ಲಿಗೆ?" ಅಂತ ಕೇಳುತ್ತಾನೆ. "ಚಿತ್ರಗಳ ಕೋಣೆಗೆ" ಅಂದರೆ ಬಿಡುತ್ತಾನೆ. ಕಳ್ಳ ಏನು ಹೇಳುತ್ತಾನೆ? "ಚಿತ್ರಗಳ ಕೋಣೆಗೆ, ಅಲ್ಲಿಂದ ಒಂದು ಹೆಜ್ಜೆ ಹಿಂದಕ್ಕೆ, ಅಲ್ಲಿಂದ ಆಫೀಸಿಗೆ" ಅನ್ನುತ್ತಾನೆ. ನಿಂತವನು ಮೊದಲ ಮಾತು ಮಾತ್ರ ಕೇಳಿಸಿಕೊಂಡು "ಸರಿ, ಹೋಗು" ಎಂದುಬಿಟ್ಟ. ಕಳ್ಳ ನೇರ ಆಫೀಸಿಗೇ ಹೋದ. ದೋಷ ಇಷ್ಟೇ.

ಆದರೆ ಇದು ಹರಡಿದ್ದು ಎಷ್ಟು ದೂರ! ತೈವಾನಿನ ಆರ್ಕಾಡಿಯನ್ ಎಂಬ ಕಂಪನಿ ಮಾಡಿದ ತಂತ್ರಾಂಶ ಬೇರೆ ಬೇರೆ ಹೆಸರಿನ ರೂಟರುಗಳಲ್ಲಿ ಕೂತಿತ್ತು. ಕನಿಷ್ಠ 17 ಕಂಪನಿಗಳ 20 ಮಾದರಿಗಳಲ್ಲಿ ಇದು ಕಂಡುಬಂತು. ಕನಿಷ್ಠ ಹತ್ತು ವರ್ಷದಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಂದೇ ಗಿರಣಿಯ ಹಿಟ್ಟು ಹತ್ತು ಅಂಗಡಿಯಲ್ಲಿ ಹತ್ತು ಹೆಸರಿನ ಚೀಲದಲ್ಲಿ ಬಂದ ಹಾಗೆ. ಗಿರಣಿಯಲ್ಲಿ ಕಲ್ಲು ಸೇರಿದರೆ ಎಲ್ಲ ಚೀಲದಲ್ಲೂ ಕಲ್ಲು. ಸುದ್ದಿ ಪ್ರಕಟವಾಗಿ ಎರಡೇ ದಿನಕ್ಕೆ ಕಳ್ಳರು ಆ ದಾರಿಯಲ್ಲಿ ನುಗ್ಗುತ್ತಿರುವುದನ್ನು ತಜ್ಞರು ನೋಡಿದರು. ಹೀಗಾಗಿ "ಆಮೇಲೆ ನೋಡೋಣ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಕಳ್ಳನಿಗೆ ಇದರಿಂದ ಏನು ಲಾಭ?

"ನಮ್ಮ ರೂಟರಿನಲ್ಲಿ ಚಿನ್ನ ಇದೆಯಾ ಮೇಡಂ?" ಅಂತ ಕೇಳಬಹುದು. ರೂಟರಿನಲ್ಲಿ ಚಿನ್ನ ಇಲ್ಲ, ಆದರೆ ದಾರಿ ತೋರಿಸುವ ಪುಸ್ತಕ ಇದೆ. ನೀವು ಬ್ಯಾಂಕಿನ ಹೆಸರು ಬರೆದಾಗ, ಆ ಬ್ಯಾಂಕಿನ ಕಂಪ್ಯೂಟರ್ ಎಲ್ಲಿದೆ ಎಂದು ಯಾರಾದರೂ ವಿಳಾಸ ಹೇಳಬೇಕು. ಆ ವಿಳಾಸವನ್ನು ಯಾರ ಹತ್ತಿರ ಕೇಳಬೇಕು ಎಂಬುದು ರೂಟರಿನಲ್ಲಿ ಬರೆದಿರುತ್ತದೆ. ಇದಕ್ಕೆ ಡಿಎನ್‌ಎಸ್ ಅನ್ನುತ್ತಾರೆ. ಕಳ್ಳ ಒಳಗೆ ಬಂದು ಅದೊಂದು ಸಾಲು ಬದಲಾಯಿಸುತ್ತಾನೆ. ಆಮೇಲೆ ನೀವು ಬ್ಯಾಂಕಿನ ಹೆಸರನ್ನು ಸರಿಯಾಗಿಯೇ ಬರೆದರೂ, ಹೋಗಿ ನಿಲ್ಲುವುದು ಬ್ಯಾಂಕಿನ ಹಾಗೇ ಕಾಣುವ ಕಳ್ಳನ ಅಂಗಡಿಯ ಮುಂದೆ.

ಇದು ಕಟ್ಟುಕಥೆಯಲ್ಲ. 2011ರಲ್ಲಿ ಬ್ರೆಜಿಲ್ ದೇಶದಲ್ಲಿ ಸುಮಾರು 45 ಲಕ್ಷ ಮೋಡೆಮ್‌ಗಳು ಹೀಗೆ ಕಳ್ಳರ ಕೈಸೇರಿದ್ದವು. ಅಲ್ಲಿಯೂ ದೂರದಿಂದಲೇ ಆಡಳಿತದ ಪಾಸ್‌ವರ್ಡನ್ನು ಎಳೆದುಕೊಳ್ಳಲು ಬಿಡುವ ದೋಷ ಇತ್ತು. ಕ್ಯಾಸ್ಪರ್‌ಸ್ಕಿ ಸಂಸ್ಥೆಯ ಫಾಬಿಯೊ ಅಸೊಲಿನಿ 2012ರಲ್ಲಿ ಇದನ್ನು ವಿವರವಾಗಿ ತಿಳಿಸಿದರು. 2014ರ ಮಾರ್ಚ್‌ನಲ್ಲಿ ಟೀಮ್ ಸಿಮ್ರು ಎಂಬ ಸಂಸ್ಥೆ, ಇದೇ ರೀತಿ ದಾರಿ ತಿರುಗಿಸಲ್ಪಟ್ಟ 3 ಲಕ್ಷಕ್ಕೂ ಹೆಚ್ಚು ರೂಟರುಗಳ ಬಗ್ಗೆ ವರದಿ ಮಾಡಿತು. ಹೆಚ್ಚು ತೊಂದರೆಗೊಳಗಾದ ದೇಶಗಳಲ್ಲಿ ನಮ್ಮ ಭಾರತವೂ ಇತ್ತು.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸುತ್ತೇನೆ, ಇಲ್ಲದಿದ್ದರೆ ಹೆದರಿ ಫೋನ್ ಮುಟ್ಟುವುದನ್ನೇ ಬಿಟ್ಟುಬಿಡುತ್ತೀರಿ. ರೂಟರ್ ಕಳ್ಳನ ಕೈಗೆ ಹೋದ ತಕ್ಷಣ ನಿಮ್ಮ ಖಾತೆಯ ಹಣ ಹೋಗುವುದಿಲ್ಲ. ಬ್ಯಾಂಕಿನ ಮತ್ತು ಯುಪಿಐ ಆ್ಯಪ್‌ಗಳು ತಮ್ಮ ಮಾತನ್ನು ಗುಪ್ತ ಲಿಪಿಯಲ್ಲಿ ಮುಚ್ಚಿ ಕಳಿಸುತ್ತವೆ, ನಡುವೆ ಕೂತವನಿಗೆ ಅದು ಓದಲು ಬರುವುದಿಲ್ಲ. ಬ್ರೌಸರಿನಲ್ಲಿಯೂ ಜಾಗ ನಕಲಿಯಾಗಿದ್ದರೆ ಎಷ್ಟೋ ಸಲ "ಈ ಸಂಪರ್ಕ ಸುರಕ್ಷಿತವಲ್ಲ" ಎಂಬ ಎಚ್ಚರಿಕೆ ಬರುತ್ತದೆ. ನಾವು ಅವಸರದಲ್ಲಿ ಅದನ್ನು ಓದದೆ 'ಮುಂದುವರಿಯಿರಿ' ಒತ್ತುತ್ತೇವೆ ನೋಡಿ, ಕಳ್ಳ ಕಾಯುತ್ತಿರುವುದು ಅದಕ್ಕೇ. ಆ ಎಚ್ಚರಿಕೆ ಬಂದರೆ ಅಲ್ಲಿಗೇ ನಿಲ್ಲಿಸಿ. ವೈಫೈ ಆಫ್ ಮಾಡಿ, ಫೋನಿನ ಸ್ವಂತ ಡೇಟಾದಲ್ಲಿ, ಬ್ಯಾಂಕಿನ ಆ್ಯಪ್‌ನಲ್ಲೇ ನೋಡಿ.

ಹಣ ಅಲ್ಲದೆ ಮಾನದ ಪ್ರಶ್ನೆಯೂ ಇದೆ. 2008ರ ಜುಲೈನಲ್ಲಿ ಅಹಮದಾಬಾದಿನ ಬಾಂಬ್ ಸ್ಫೋಟಕ್ಕೆ ಸ್ವಲ್ಪ ಮೊದಲು ಬಂದ ಬೆದರಿಕೆಯ ಈ-ಮೇಲ್, ನವಿ ಮುಂಬಯಿಯ ಒಂದು ಮನೆಯ ವೈಫೈ ಮೂಲಕ ಹೋಗಿತ್ತು. ಪೊಲೀಸರು ಮೊದಲು ಹೋದದ್ದು ಆ ಮನೆಗೇ. ಅಲ್ಲಿ ದುರುಪಯೋಗವಾದದ್ದು ಬೀಗವೇ ಇಲ್ಲದ ವೈಫೈ. ದಾರಿ ಬೇರೆಯಾದರೂ ಪಾಠ ಒಂದೇ. ನಮ್ಮ ಮನೆಯ ಸಂಪರ್ಕದಿಂದ ಬೇರೆಯವರು ಮಾಡಿದ ಕೆಲಸಕ್ಕೆ ಮೊದಲು ಬಾಗಿಲು ತಟ್ಟುವುದು ನಮ್ಮ ಮನೆಯದ್ದು.

ಹಾಗಾದರೆ ಏನು ಮಾಡಬೇಕು?

ಮನೆಯಲ್ಲಿ ಓದಿದ ಮಕ್ಕಳಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಮಾಡಿಸಿ. ಆದರೆ ನೀವೂ ಕೂತು ನೋಡಿ, "ನಂಗೇನು ಗೊತ್ತಾಗುತ್ತೆ" ಅಂತ ಎದ್ದು ಅಡಿಗೆಮನೆಗೆ ಹೋಗಬೇಡಿ. ಬ್ಯಾಂಕಿಗೆ ಹೋಗಿ ಮ್ಯಾನೇಜರ್ ಎದುರು ಕೂತು ಸಾಲದ ಮಾತಾಡಲು ಕಲಿತ ನಮಗೆ ಇದೇನು ದೊಡ್ಡದು?

ಮೊದಲನೆಯದು, ರೂಟರಿನ ತಂತ್ರಾಂಶವನ್ನು ಹೊಸದು ಮಾಡುವುದು. ಇದಕ್ಕೆ ಫರ್ಮ್‌ವೇರ್ ಅಪ್‌ಡೇಟ್ ಅನ್ನುತ್ತಾರೆ. ನಾನು ಹೇಳಿದ ಕೀಲಿನ ದೋಷಕ್ಕೆ ನಿಜವಾದ ಮದ್ದು ಇದೊಂದೇ. ಕಂಪನಿ ದೋಷ ಸರಿಪಡಿಸಿ ಹೊಸ ತಂತ್ರಾಂಶ ಕೊಡುತ್ತದೆ, ಆದರೆ ಎಷ್ಟೋ ರೂಟರುಗಳಲ್ಲಿ ಅದು ತಾನಾಗಿ ಬಂದು ಕೂರುವುದಿಲ್ಲ. ಆಡಳಿತದ ಪುಟದಲ್ಲಿ ಅಪ್‌ಡೇಟ್ ಎಂಬ ಜಾಗ ಇರುತ್ತದೆ, ಅಲ್ಲಿ ನೋಡಬೇಕು. ತಾನಾಗಿ ಆಗುವ ವ್ಯವಸ್ಥೆ ಇದ್ದರೆ ಅದನ್ನು ಆನ್ ಮಾಡಿ. ಇಂಟರ್ನೆಟ್ ಕೊಡುವವರೇ ರೂಟರ್ ಕೊಟ್ಟಿದ್ದರೆ ಅವರಿಗೆ ಫೋನ್ ಮಾಡಿ ಕೇಳಿ. ಕೇಳುವುದು ನಿಮ್ಮ ಹಕ್ಕು, ಪ್ರತಿ ತಿಂಗಳು ಹಣ ಕಟ್ಟುತ್ತೀರಿ.

ಎರಡನೆಯದು, ರಿಮೋಟ್ ಮ್ಯಾನೇಜ್‌ಮೆಂಟ್ ಎಂಬುದನ್ನು ಆಫ್ ಮಾಡಿಸುವುದು. ಅದು ಆನ್ ಇದ್ದರೆ ಪ್ರಪಂಚದ ಯಾವ ಮೂಲೆಯಿಂದಲೂ ನಿಮ್ಮ ರೂಟರಿನ ಆಡಳಿತದ ಬಾಗಿಲು ಕಾಣುತ್ತದೆ. ಬಾಗಿಲೇ ಕಾಣದಿದ್ದರೆ ದೂರದ ಕಳ್ಳ ತಟ್ಟುವುದೆಲ್ಲಿ?

ಮೂರನೆಯದು, ಎರಡೂ ಪಾಸ್‌ವರ್ಡ್ ಬದಲಾಯಿಸುವುದು. ಎರಡೂ ಬೇರೆ ಬೇರೆ ಇರಲಿ. ಮಕ್ಕಳ ಹೆಸರು, ಹುಟ್ಟಿದ ದಿನ ಬೇಡ. ಆಡಳಿತದ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಸಂಘದ ಪಾಸ್‌ಪುಸ್ತಕ ಇಡುವ ಕಡೆ ಭದ್ರವಾಗಿಡಿ. ರೂಟರಿಗೇ ಅಂಟಿಸಬೇಡಿ.

ನಾಲ್ಕನೆಯದು, ಬೀದಿಗೆಲ್ಲ ವೈಫೈ ಹಂಚದಿರುವುದು. ದೂರದಿಂದ ಬಾಗಿಲು ಕಾಣದಂತೆ ಮಾಡಿದರೂ, ವೈಫೈ ಒಳಗೆ ಸೇರಿದವರಿಗೆ ಬಾಗಿಲು ಕಾಣುತ್ತದೆ. ಅವರ ಫೋನಿನಲ್ಲಿ ಕೆಟ್ಟ ತಂತ್ರಾಂಶ ಕೂತಿದ್ದರೆ ಅದಕ್ಕೂ ಕಾಣುತ್ತದೆ. ಕೆಲವು ರೂಟರುಗಳಲ್ಲಿ ಅತಿಥಿಗಳಿಗೆ ಬೇರೆ ವೈಫೈ ಕೊಡುವ ಅನುಕೂಲ ಇರುತ್ತದೆ, ಅದನ್ನು ಬಳಸಿ. ನೆಂಟರನ್ನು ಜಗುಲಿಯಲ್ಲಿ ಕೂರಿಸಿ ಕಾಫಿ ಕೊಡುತ್ತೇವೆ, ಬೀರುವಿನ ಬೀಗದ ಕೈ ಕೊಡುತ್ತೇವೆಯೇ?

ಐದನೆಯದು, ತೀರಾ ಹಳೆಯದಾದ ರೂಟರನ್ನು ಬದಲಾಯಿಸುವುದು. ಕಂಪನಿ ಒಂದು ಮಾದರಿಗೆ ತಂತ್ರಾಂಶ ಕೊಡುವುದನ್ನು ನಿಲ್ಲಿಸಿದ ಮೇಲೆ, ಅದರಲ್ಲಿ ಹೊಸ ದೋಷ ಸಿಕ್ಕಿದರೆ ಸರಿಮಾಡುವವರು ಇಲ್ಲ. "ದೀಪ ಉರೀತಾ ಇದೆ, ಚೆನ್ನಾಗೇ ಇದೆ" ಅಂತ ಇಟ್ಟುಕೊಳ್ಳುತ್ತೇವೆ. ಗ್ಯಾಸ್ ಒಲೆಯ ಪೈಪ್ ಚೆನ್ನಾಗಿ ಕಂಡರೂ ಅವಧಿ ಮುಗಿದಾಗ ಬದಲಾಯಿಸುತ್ತೇವಲ್ಲ, ಹಾಗೆ. ಕಡಿಮೆ ಬೆಲೆಗೆ ಸಿಕ್ಕಿತೆಂದು ಬೇರೆಯವರು ಬಿಟ್ಟ ಹಳೆಯದನ್ನು ತರಬೇಡಿ.

ಅನುಮಾನ ಬಂದರೆ, ರೂಟರಿನ ಹಿಂದೆ ಅಥವಾ ಕೆಳಗೆ ರಿಸೆಟ್ ಎಂಬ ಪುಟ್ಟ ತೂತು ಇರುತ್ತದೆ. ಪಿನ್ನಿನಿಂದ ಸುಮಾರು ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಕಳ್ಳ ಬದಲಾಯಿಸಿದ್ದು ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಆದರೆ ನಿಮ್ಮ ಪಾಸ್‌ವರ್ಡೂ ಅಳಿಸಿ ಹಳೆಯದೇ ಬರುತ್ತದೆ. ಇಂಟರ್ನೆಟ್ ಸಂಪರ್ಕವನ್ನೂ ಮತ್ತೆ ಹೊಂದಿಸಬೇಕಾಗಬಹುದು. ಆದ್ದರಿಂದ ಗೊತ್ತಿರುವವರು ಜೊತೆಗಿದ್ದಾಗ ಮಾಡಿ, ಕೂಡಲೇ ಹೊಸ ಪಾಸ್‌ವರ್ಡ್ ಹಾಕಿ. ರಿಸೆಟ್ ಮಾಡಿದರೆ ಕೀಲಿನ ದೋಷ ಹೋಗುವುದಿಲ್ಲ, ಅದಕ್ಕೆ ಅಪ್‌ಡೇಟ್ ಆಗಲೇಬೇಕು.

ಹಣ ಹೋಗಿದೆ ಎಂದು ಗೊತ್ತಾದರೆ ಒಂದು ನಿಮಿಷವೂ ತಡಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.

ಕೊನೆಯ ಮಾತು

ಯೊವಾನ್ನರ ಶುಭಸಂದೇಶದಲ್ಲಿ ಕುರಿಹಟ್ಟಿಯ ಮಾತು ಬರುತ್ತದೆ. ಬಾಗಿಲಿನಿಂದ ಬರದೆ ಬೇರೆ ಕಡೆಯಿಂದ ಹತ್ತಿ ಬರುವವನನ್ನು ಪ್ರಭು ಯೇಸು ಕಳ್ಳನೆಂದು ಕರೆಯುತ್ತಾರೆ. ಅಲ್ಲಿ ಕುರಿಗಳನ್ನು ಯಾರೂ ಬೈಯುವುದಿಲ್ಲ ಎಂಬುದನ್ನು ಗಮನಿಸಿ.

ನಮ್ಮಲ್ಲಿ ಏನಾಗುತ್ತದೆ? ಹಣ ಕಳೆದುಕೊಂಡ ಹೆಣ್ಣುಮಗಳಿಗೆ ಗಂಡ, ಅತ್ತೆ, ಮಕ್ಕಳು, ಕೆಲವು ಸಲ ಸಂಘದವರೂ ಹೇಳುವುದು ಒಂದೇ: "ನೀನೇ ಏನೋ ಒತ್ತಿರಬೇಕು." ಆ ಮಾತಿಗೆ ಹೆದರಿ ಅವಳು ಎರಡು ದಿನ ಯಾರಿಗೂ ಹೇಳುವುದಿಲ್ಲ. ಆ ಎರಡು ದಿನದಲ್ಲಿ ಹಣ ಕೈತಪ್ಪಿ ದೂರ ಹೋಗಿಬಿಡುತ್ತದೆ. ನಾನು ಹೇಳಿದ ಮೂರು ಪ್ರಸಂಗದಲ್ಲೂ ದೋಷ ಮಾಡಿದವರು ಆ ಪೆಟ್ಟಿಗೆ ತಯಾರಿಸಿದವರು, ಬಳಸಿದವರಲ್ಲ. ಇಂಗ್ಲೆಂಡ್ ಸೇರಿದ ಬ್ರಿಟನ್ ದೇಶದಲ್ಲಿ 2024ರ ಏಪ್ರಿಲ್ 29ರಿಂದ, ಎಲ್ಲ ಪೆಟ್ಟಿಗೆಗೂ ಒಂದೇ ಸುಲಭದ ಪಾಸ್‌ವರ್ಡ್ ಇಟ್ಟು ಮಾರಬಾರದು ಎಂಬ ಕಾನೂನು ಜಾರಿಗೆ ಬಂದಿದೆ. ತಯಾರಿಸಿದವರ ಜವಾಬ್ದಾರಿಯನ್ನು ಕೇಳುವ ಕಾಲ ಬಂದಿದೆ ಎಂದರ್ಥ. ನಮ್ಮ ಒಕ್ಕೂಟವೂ ಇಂಟರ್ನೆಟ್ ಕೊಡುವವರಿಗೆ ಒಂದು ಮನವಿ ಬರೆಯಬಹುದು: ನಮ್ಮ ಮನೆಗೆ ಕೊಟ್ಟ ರೂಟರಿಗೆ ಅಪ್‌ಡೇಟ್ ಬರುತ್ತಿದೆಯೇ, ಇಲ್ಲವಾದರೆ ಬದಲಾಯಿಸಿ ಕೊಡಿ ಎಂದು. ಒಬ್ಬರು ಕೇಳಿದರೆ ನಾಳೆ ಬನ್ನಿ ಅನ್ನುತ್ತಾರೆ, ನೂರು ಜನ ಸಹಿ ಹಾಕಿದರೆ ಕೂರಿಸಿ ಮಾತಾಡುತ್ತಾರೆ. ಇದು ನಮಗೆ ಸಂಘವೇ ಕಲಿಸಿದ ಪಾಠ.

ಆದ್ದರಿಂದ ಪ್ರತಿ ಸಂಘದವರು ಮುಂದಿನ ವಾರದ ಸಭೆಯಲ್ಲಿ ಇದನ್ನು ಚರ್ಚಿಸಿ ನಿರ್ಣಯ ಪುಸ್ತಕದಲ್ಲಿ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ. ಯಾರ ಮನೆಯಲ್ಲಿ ರೂಟರ್ ಇದೆ, ಅದರ ಕಂಪನಿ ಮತ್ತು ಮಾದರಿ ಯಾವುದು, ಯಾವ ವರ್ಷ ಹಾಕಿಸಿದ್ದು, ಈ ನಾಲ್ಕು ವಿಷಯ ಸಾಕು. ಪಾಸ್‌ವರ್ಡ್ ಮಾತ್ರ ಬರೆಯಬೇಡಿ! ಆ ಪಟ್ಟಿ ನಮ್ಮ ಕಾರ್ಯಕರ್ತೆಯರ ಕೈಗೆ ಕೊಟ್ಟರೆ, ಮುಂದಿನ ತಿಂಗಳು ಎಲ್ಲರೂ ಒಟ್ಟಿಗೆ ಕೂತು ನೋಡೋಣ.

ಹೋದ ತಿಂಗಳು ಪ್ರಶ್ನೆ ಕೇಳಿದ ಅಕ್ಕ ಇವತ್ತು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಅಕ್ಕಾ, ಬೀಗ ಹಾಕಿದ್ದು ಒಳ್ಳೆಯದೇ ಆಯಿತು, ಮಗನಿಗೆ ನನ್ನ ಶಾಬ್ಬಾಸ್ ಹೇಳಿ. ಇವತ್ತು ಸಂಜೆ ಮನೆಗೆ ಹೋದಮೇಲೆ ಅವನ ಜೊತೆ ಕೂತು ಕೀಲನ್ನೂ ಒಂದು ಸಲ ನೋಡಿ.